ಗಲ್ಲಾ ಮುಂದಿನ ಮೊದಲ ಎರಡು ನಿಮಿಷ: ಹೊಸ ಪಾರ್ಟಿ ಹತ್ರ ಮಾತು ಶುರು ಮಾಡೋದು ಹೇಗೆ

ಊರಿಂದ ಮುಂಬೈಗೆ ಬಂದು ಫೀಲ್ಡ್ ಸೇಲ್ಸ್‌ಗೆ ಸೇರ್ಕೊಂಡಿರೋ ನಮ್ಮ ಹುಡುಗ್ರು ಹುಡುಗೀರು ಫೋನ್ ಮಾಡಿದಾಗೆಲ್ಲ ಒಂದೇ ವಿಷಯ ಕೇಳ್ತಾರೆ. ಮಾಲಿನ ಬಗ್ಗೆ ಎಲ್ಲ ಗೊತ್ತಿದೆ, ರೇಟ್ ಲಿಸ್ಟ್ ಬಾಯಿಪಾಠ ಆಗಿದೆ, ಸ್ಯಾಂಪಲ್ ಬ್ಯಾಗಲ್ಲಿದೆ, ಆದ್ರೆ ಅಂಗಡಿ ಒಳಗೆ ಕಾಲಿಟ್ಟ ಮೇಲೆ ಮೊದ್ಲು ಏನು ಮಾತಾಡ್ಬೇಕು ಅಂತಾನೇ ಗೊತ್ತಾಗಲ್ಲ, ಸೇಠ್ ಮುಖ ನೋಡಿದ ತಕ್ಷಣ ಬಾಯಿ ಒಣಗತ್ತೆ, ಕೊನೆಗೆ ಕ್ಯಾಟಲಾಗ್ ಕೈಗಿಟ್ಟು ವಾಪಸ್ ಬಂದ್ಬಿಡ್ತೀವಿ ಅಂತ. ಅದಕ್ಕೇ ಇದನ್ನ ಕೂತು ಪೂರ್ತಿ ಬರೀತಿದೀನಿ. ನಾನಿರೋದು ಹೋಟೆಲ್‌ಗಳಿಗೆ ಪಾರ್ಸೆಲ್ ಡಬ್ಬ, ಪೇಪರ್ ಬ್ಯಾಗ್, ಕಬ್ಬಿನ ಸಿಪ್ಪೆಯ ಪ್ಲೇಟು ಸಪ್ಲೈ ಮಾಡೋ ಲೈನಲ್ಲಿ, ಹಾಗಾಗಿ ಉದಾಹರಣೆ ಎಲ್ಲ ಹೋಟೆಲಿಂದೇ ಬರತ್ತೆ, ಆದ್ರೆ ನೀವು ಬಿಲ್ಲಿಂಗ್ ಮಷಿನ್ ಮಾರಿ, ಮಸಾಲೆ ಮಾರಿ, ಇನ್ಶೂರೆನ್ಸ್ ಮಾರಿ, ಮೊದಲ ಮಾತಿನ ರೀತಿ ಹೆಚ್ಚುಕಮ್ಮಿ ಇದೇ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಮುಂದಿನದೆಲ್ಲ ಇದ್ರ ಮೇಲೇ ನಿಂತಿದೆ. ಮೊದಲ ಭೇಟಿಯಲ್ಲಿ ಆರ್ಡರ್ ತಗೋಬೇಕು ಅನ್ನೋ ಆಸೆ ಬಿಟ್ಬಿಡಿ. ಆ ಪಾರ್ಟಿ, ಅಂದ್ರೆ ಮಾಲು ತಗೊಳ್ಳೋ ಅಂಗಡಿಯವ್ರು, ಈಗ ಏನು ತಗೋತಿದಾರೆ, ಅದ್ರಲ್ಲಿ ಅವ್ರಿಗೆ ಏನು ಕಿರಿಕಿರಿ ಇದೆ, ಇಷ್ಟು ತಿಳ್ಕೊಂಡು, ಇನ್ನೊಂದ್ಸಲ ಬರಕ್ಕೆ ಅವರ ಬಾಯಿಂದಲೇ ಒಂದು ದಿನ ಹೇಳಿಸ್ಕೊಂಡು ಬಂದ್ರೆ ನಿಮ್ಮ ಕೆಲಸ ಆಯ್ತು. ಮ್ಯಾನೇಜರ್ ಟಾರ್ಗೆಟ್ ಟಾರ್ಗೆಟ್ ಅಂತ ಕೂಗ್ತಾನೆ ನಿಜ, ಆದ್ರೆ ಈ ಊರಲ್ಲಿ ಒಂದೊಂದು ಹೋಟೆಲ್ ಗಲ್ಲಾಗೂ ದಿನಕ್ಕೆ ಎಷ್ಟೋ ಸೇಲ್ಸ್‌ನವ್ರು ಬಂದು ಹೋಗ್ತಾರೆ, ಎಲ್ರೂ ಬಂದ ತಕ್ಷಣ ರೇಟ್ ಹೇಳೋರೇ, ಕೇಳೋರು ಯಾರೂ ಇಲ್ಲ. ಕೇಳಿದವನ ಮುಖ ನೆನಪಿರತ್ತೆ.

ಹೋಗೋ ಮುಂಚೆ ಮಾಡೋ ಹೋಮ್‌ವರ್ಕ್

ಮೊದ್ಲು ಏರಿಯಾ ಫಿಕ್ಸ್ ಮಾಡ್ಕೊಳ್ಳಿ. ಇವತ್ತು ಬೊರಿವಲಿ, ನಾಳೆ ಪನ್ವೇಲ್, ನಾಡಿದ್ದು ಕಲ್ಯಾಣ್ ಅಂತ ಓಡಾಡಿದ್ರೆ ಲೋಕಲ್ ಟ್ರೇನಲ್ಲೇ ದಿನ ಮುಗಿಯತ್ತೆ. ಒಂದು ಲೈನ್, ಅದ್ರಲ್ಲಿ ಅಕ್ಕಪಕ್ಕದ ಮೂರ್ನಾಲ್ಕು ಸ್ಟೇಷನ್ ಹಿಡೀರಿ, ಸೆಂಟ್ರಲ್ ಲೈನಾದ್ರೆ ಘಾಟ್‌ಕೋಪರ್, ವಿಕ್ರೋಳಿ, ಕಾಂಜೂರ್‌ಮಾರ್ಗ್, ಭಾಂಡೂಪ್ ಹೀಗೆ. ಒಂದೇ ಏರಿಯಾದಲ್ಲಿ ತಿರುಗ್ತಾ ಇದ್ರೆ ಮುಖಪರಿಚಯ ಆಗತ್ತೆ, ಜೊತೆಗೆ ಸ್ವಲ್ಪ ದಿನ ಆದ್ಮೇಲೆ "ನಿಮ್ಮ ಹಿಂದಿನ ರಸ್ತೆ ಹೋಟೆಲ್‌ಗೂ ನಾವೇ ಕೊಡೋದು" ಅಂತ ಹೇಳೋ ಅವಕಾಶ ಸಿಗತ್ತೆ, ಆ ಒಂದು ಮಾತು ಹತ್ತು ಕ್ಯಾಟಲಾಗಿಗೆ ಸಮ. ಸುಳ್ಳು ಹೇಳ್ಬೇಡಿ ಅಷ್ಟೇ, ಹೋಟೆಲ್‌ನವ್ರು ಒಬ್ರಿಗೊಬ್ರು ಫೋನ್ ಮಾಡಿ ಕೇಳ್ತಾರೆ, ಎರಡು ನಿಮಿಷದಲ್ಲಿ ಗೊತ್ತಾಗತ್ತೆ.

ಆಮೇಲೆ ಮನೇಲಿ ಕೂತು ಆ ಹೋಟೆಲ್‌ನ ಸ್ವಿಗ್ಗಿ, ಝೊಮ್ಯಾಟೊ, ಗೂಗಲ್ ಮ್ಯಾಪ್ ರಿವ್ಯೂ ಓದಿ. ನಾನು ಸ್ಟಾರ್ ಎಷ್ಟಿದೆ ಅಂತ ನೋಡಕ್ಕೆ ಹೋಗಲ್ಲ, ಕಂಪ್ಲೇಂಟ್ ಹುಡುಕ್ತೀನಿ. "ರುಚಿ ಚೆನ್ನಾಗಿತ್ತು ಆದ್ರೆ ಸಾಂಬಾರ್ ಎಲ್ಲ ಚೆಲ್ಲಿ ದೋಸೆ ಒದ್ದೆ ಆಗಿತ್ತು" ಅಂತ ಯಾರಾದ್ರೂ ಬರೆದಿದ್ರೆ ನನಗೆ ಅಲ್ಲಿ ಮಾತಾಡಕ್ಕೆ ವಿಷಯ ಸಿಕ್ಕಿತು. ಬಿಲ್ಲಿಂಗ್ ಮಷಿನ್ ಮಾರೋರು "ಬಿಲ್ ತಪ್ಪಾಗಿ ಬಂತು, ತುಂಬಾ ಹೊತ್ತು ಕಾಯಿಸಿದ್ರು" ಅನ್ನೋದನ್ನ ಹುಡುಕಿ. ಸಾಧ್ಯ ಆದ್ರೆ ಹಿಂದಿನ ದಿನ ಸಂಜೆ ಅಲ್ಲೇ ಒಂದು ಇಡ್ಲಿ ಸಾಂಬಾರ್ ಪಾರ್ಸೆಲ್ ತಗೊಂಡು ಮನೆಗೆ ಹೋಗಿ, ಯಾವ ಡಬ್ಬದಲ್ಲಿ ಕೊಟ್ರು, ಚಟ್ನಿಗೆ ಪೌಚಾ ಕಪ್ಪಾ, ಮುಚ್ಚಳ ಗಟ್ಟಿ ಕೂತಿತ್ತಾ, ಬ್ಯಾಗ್ ತಳ ಒದ್ದೆ ಆಗಿತ್ತಾ ಎಲ್ಲ ನೋಡಿ. ಇಷ್ಟು ಮಾಡಿ ಹೋದವನ ಮಾತಿನ ತೂಕವೇ ಬೇರೆ.

ಬೋರ್ಡಲ್ಲೂ ತುಂಬಾ ಮಾಹಿತಿ ಇರತ್ತೆ, ಯಾರೂ ಓದಲ್ಲ. ಜಿಎಸ್‌ಟಿ ರಿಜಿಸ್ಟ್ರೇಷನ್ ಇರೋ ವ್ಯಾಪಾರದವ್ರು ತಮ್ಮ ನಂಬರ್‌ನ ಬಾಗಿಲ ಹತ್ರದ ನೇಮ್ ಬೋರ್ಡಲ್ಲಿ ಹಾಕ್ಲೇಬೇಕು. 15 ಅಕ್ಷರ ಅಂಕಿಯ ನಂಬರ್ ಅದು, ಮೊದಲ ಎರಡು ರಾಜ್ಯದ ಕೋಡ್, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30, ನಮ್ಮ ಕರ್ನಾಟಕಕ್ಕೆ 29, ಅದಾದ್ಮೇಲಿನ ಹತ್ತು ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲಲ್ಲಿ ಲಾಗಿನ್ ಇಲ್ದೇನೇ ಆ ನಂಬರ್ ಹಾಕಿದ್ರೆ ಲೀಗಲ್ ಹೆಸರು, ಟ್ರೇಡ್ ಹೆಸರು, ಯಾವತ್ತು ರಿಜಿಸ್ಟರ್ ಆಗಿದ್ದು, ಈಗ ಚಾಲ್ತಿಯಲ್ಲಿದೆಯಾ ಕ್ಯಾನ್ಸಲ್ ಆಗಿದೆಯಾ ಎಲ್ಲ ಬರತ್ತೆ. ಇದ್ರಿಂದ ಏನು ಲಾಭ ಅಂದ್ರೆ, ಮುಂಬೈಯಲ್ಲಿ ಎಷ್ಟೋ ಹೋಟೆಲ್ ಕಂಡಕ್ಟಿಂಗ್ ಮೇಲೆ ನಡೀತವೆ, ಜಾಗದ ಓನರ್ ಬೇರೆ, ನಡೆಸೋರು ಬೇರೆ, ಬೋರ್ಡ್ ಹಳೇದು, ಒಳಗೆ ಮ್ಯಾನೇಜ್‌ಮೆಂಟ್ ಹೊಸದು. ರಿಜಿಸ್ಟ್ರೇಷನ್ ಇತ್ತೀಚಿನದು ಅಂದ್ರೆ ಹೊಸಬ್ರು ವಹಿಸ್ಕೊಂಡಿರಬಹುದು, ಹೊಸಬ್ರು ಹಳೇ ಸಪ್ಲೈಯರ್‌ನ ಬದಲಾಯಿಸೋ ಮನಸ್ಸಲ್ಲಿ ಇರೋ ಚಾನ್ಸ್ ಜಾಸ್ತಿ. 

ನಿಮ್ಮ ಮಾಲಿಗೆ ಸಂಬಂಧಪಟ್ಟ ಕಾನೂನು ನಿಮಗೆ ಗೊತ್ತಿರ್ಬೇಕು. ನನ್ನ ಲೈನಲ್ಲಾದ್ರೆ ಮಹಾರಾಷ್ಟ್ರದ 2018ರ ಪ್ಲಾಸ್ಟಿಕ್ ಬ್ಯಾನ್, 2022ರ ಜುಲೈ 1ರಿಂದ ದೇಶಪೂರ್ತಿ ಬಂದ ಸಿಂಗಲ್ ಯೂಸ್ ಪ್ಲಾಸ್ಟಿಕ್ ಬ್ಯಾನ್, ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿಗೆ ದೇಶದ ನಿಯಮದ 120 ಮೈಕ್ರಾನ್ ದಪ್ಪದ ಲೆಕ್ಕ, ತಿಂಡಿನ ನ್ಯೂಸ್‌ಪೇಪರಲ್ಲಿ ಕಟ್ಟಬಾರ್ದು ಅನ್ನೋ ನಿಯಮ. ಆದ್ರೆ ಮೊದಲ ಭೇಟಿಯಲ್ಲೇ "ಸೇಠ್, ಮುನಿಸಿಪಾಲ್ಟಿಯವ್ರು ಬಂದ್ರೆ ದಂಡ ಹಾಕ್ತಾರೆ ಗೊತ್ತಾ" ಅಂತ ಹೆದರಿಸೋರನ್ನ ಕಂಡ್ರೆ ನನಗೆ ಬೇಜಾರಾಗತ್ತೆ. ಅವ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರತ್ತೆ. ಹೆದರಿಸಿ ಮಾರಿದ ಮಾಲಿಗೆ ಎರಡನೇ ಆರ್ಡರ್ ಬರಲ್ಲ. ಕೇಳಿದ್ರೆ ಸರಿಯಾಗಿ ಉತ್ತರ ಕೊಡಕ್ಕೆ ತಿಳ್ಕೊಂಡಿರಿ ಅಷ್ಟೇ.

ಟೈಮ್ ನೋಡ್ಕೊಂಡು ಹೋಗಿ

ಅರ್ಧ ಸೋಲು ಇಲ್ಲೇ ಆಗೋದು. ಉಡುಪಿ ಹೋಟೆಲಲ್ಲಿ ಬೆಳಗ್ಗೆ ತಿಂಡಿ ರಶ್ ಹನ್ನೊಂದರ ತನಕ, ಹನ್ನೆರಡೂವರೆಯಿಂದ ಮೂರರ ತನಕ ಊಟ, ಐದೂವರೆ ಆದ್ರೆ ಆಫೀಸ್ ಬಿಟ್ಟೋರ ಚಾ ತಿಂಡಿ. ಉಳಿಯೋದು ಹನ್ನೊಂದೂಕಾಲಿಂದ ಹನ್ನೆರಡು, ಮತ್ತೆ ಮಧ್ಯಾಹ್ನ ಮೂರೂವರೆಯಿಂದ ಐದು. ಮಧ್ಯಾಹ್ನದ್ದೇ ಒಳ್ಳೇದು, ಊಟ ಆಗಿರತ್ತೆ, ಗಲ್ಲಾ ಲೆಕ್ಕ ಒಂದ್ಸಲ ನೋಡಿ ಆಗಿರತ್ತೆ, ಸೇಠ್ ಪೇಪರ್ ಓದ್ತಾ ಕೂತಿರ್ತಾರೆ. ಶನಿವಾರ ಭಾನುವಾರ ಹೋಟೆಲ್ ಕಡೆ ಹೋಗ್ಲೇಬೇಡಿ.

ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗಳಿಗೆ ಲೆಕ್ಕ ಬೇರೆ. ಬೋಣಿ ಆಗೋ ಮುಂಚೆ ಹೋಗಿ ಏನೂ ಕೇಳ್ಬೇಡಿ, ಬಾಗಿಲು ತೆಗೆದು ಗುಡಿಸಿ ಪೂಜೆ ಮಾಡಿ ಮೊದಲ ಗಿರಾಕಿ ದುಡ್ಡು ಕೊಡೋ ತನಕ ಆ ಮನುಷ್ಯನಿಗೆ ನೀವು ಬೇಡದ ಅತಿಥಿ. ತಿಂಗಳ 11ನೇ ತಾರೀಖು, 20ನೇ ತಾರೀಖಿನ ಸುತ್ತಮುತ್ತ ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಅಕೌಂಟೆಂಟ್ ಬಂದು ಕೂತಿರ್ತಾನೆ, ತಲೆ ಬಿಸಿ ಇರತ್ತೆ. ಮಾರ್ಚ್ ಕೊನೆ ವಾರ, ಗಣಪತಿ ಹಬ್ಬದ ಹಿಂದಿನ ದಿನಗಳು, ದೀಪಾವಳಿ ವಾರ ಇವೆಲ್ಲ ಹೊಸ ಪರಿಚಯದ ಟೈಮ್ ಅಲ್ಲ.

ಪುಣೆಗೆ ಹೋದ್ರೆ ಪೇಠ್ ಕಡೆ, ಅಂದ್ರೆ ಹಳೇ ಪೇಟೆ ಬೀದಿಗಳಲ್ಲಿ, ಮಧ್ಯಾಹ್ನ ಒಂದರಿಂದ ನಾಲ್ಕು ಶಟರ್ ಎಳೆಯೋ ಅಂಗಡಿಗಳು ಇವತ್ತಿಗೂ ಇವೆ, ಆ ಹೊತ್ತಲ್ಲಿ ಬೆಲ್ ಒತ್ತಿದ್ರೆ ಮುಗೀತು, ಆ ಅಂಗಡಿ ನಿಮ್ಮ ಪಾಲಿಗೆ ಮುಚ್ಚಿದ ಹಾಗೇ. ಅಲ್ಲಿ ಬೆಳಗ್ಗೆ ಹೋಗಿ. ಗೋವಾದಲ್ಲೂ ಊಟ ಆದ್ಮೇಲೆ ಒಂದು ನಿದ್ದೆ ಇದ್ದದ್ದೇ, ಮಡಗಾಂವ್ ಮಾಪ್ಸಾ ಎಲ್ಲ ಕಡೆ. ಗೋವಾದಲ್ಲಿ ದಿನದ ಟೈಮಿಗಿಂತ ವರ್ಷದ ಟೈಮ್ ದೊಡ್ಡದು: ಟೂರಿಸ್ಟ್ ಸೀಸನ್ ಅಕ್ಟೋಬರ್ ಕಡೆಯಿಂದ ಶುರು ಆಗತ್ತೆ, ಮಳೆಗಾಲದಲ್ಲಿ ಬೀಚಿನ ಶ್ಯಾಕ್‌ಗಳೇ (ಸೀಸನ್ನಿಗೆ ಮಾತ್ರ ಹಾಕೋ ಗುಡಿಸಲು ಹೋಟೆಲ್) ಇರಲ್ಲ, ಹಾಗಾಗಿ ಮೊದಲ ಪರಿಚಯಕ್ಕೆ ಸೆಪ್ಟೆಂಬರ್ ಚೆನ್ನಾಗಿದೆ, ಆಗ ಎಲ್ರೂ ಮುಂದಿನ ಸೀಸನ್ನಿನ ಸಾಮಾನಿನ ಯೋಚನೆಯಲ್ಲಿ ಇರ್ತಾರೆ ಆದ್ರೆ ಕೈ ಖಾಲಿ ಇರತ್ತೆ. ಡಿಸೆಂಬರ್ ಕೊನೇಲಿ ಹೋದ್ರೆ ನಿಮ್ಮ ಕಡೆ ತಿರುಗಿ ನೋಡಕ್ಕೂ ಪುರ್ಸೊತ್ತಿರಲ್ಲ.

ಯಾರ ಹತ್ರ ಮಾತಾಡ್ಬೇಕು

ಒಳಗೆ ಹೋದ ತಕ್ಷಣ ಗಲ್ಲಾದಲ್ಲಿ ಕೂತವರೇ ಸೇಠ್ ಅಂದ್ಕೊಂಡು ಪೂರ್ತಿ ಕಥೆ ಶುರು ಮಾಡ್ಬೇಡಿ. ಅವ್ರು ಕ್ಯಾಶಿಯರ್ ಇರಬಹುದು, ಸೇಠ್‌ನ ಭಾವಮೈದ ಇರಬಹುದು, ಪಾರ್ಟ್‌ನರ್ ಇರಬಹುದು. ಹಾಗಂತ "ನೀವು ಓನರ್ರಾ?" ಅಂತ ನೇರವಾಗಿ ಕೇಳಿದ್ರೆ ಅಲ್ಲದವರಿಗೆ ಅವಮಾನ ಆಗತ್ತೆ. ನಾನು ಕೇಳೋದು ಹೀಗೆ: "ಸರ್, ಪಾರ್ಸೆಲ್ ಸಾಮಾನಿನ ವಿಷಯ ಯಾರು ನೋಡ್ಕೋತಾರೆ, ನೀವೇನಾ?" ಇದಕ್ಕೆ ಹೌದು ಅಂದ್ರೂ ಸರಿ, ಇಲ್ಲ ಅಂದ್ರೂ ಅವರ ಮರ್ಯಾದೆ ಹೋಗಲ್ಲ, ಮತ್ತೆ ಸರಿಯಾದ ಹೆಸರು ಅವರೇ ಹೇಳ್ತಾರೆ. ಹೆಸರು ಸಿಕ್ಕಿದ್ರೆ ತಕ್ಷಣ ಬರ್ಕೊಳ್ಳಿ.

ಇನ್ನೊಬ್ರನ್ನ ಎಲ್ರೂ ಮರೀತಾರೆ, ಪಾರ್ಸೆಲ್ ಕೌಂಟರ್ ಹುಡುಗ. ದಿನಕ್ಕೆ ನೂರಾರು ಡಬ್ಬ ಮುಚ್ಚೋನು ಅವನು, ಯಾವ ಮುಚ್ಚಳ ಸೀಳತ್ತೆ, ಯಾವ ಸೈಜಿಗೆ ಯಾವಾಗ್ಲೂ ಕೊರತೆ, ಡೆಲಿವರಿ ಹುಡುಗ್ರು ಏನಂತ ಬೈತಾರೆ, ಎಲ್ಲ ಅವನಿಗೆ ಗೊತ್ತು. ತುಂಬಾ ಸಲ ಅವನು ನಮ್ಮ ಕಲಬುರಗಿ ಕಡೆಯೋನೋ ಕುಂದಾಪುರ ಕಡೆಯೋನೋ ಆಗಿರ್ತಾನೆ. ಹೆಸರು ಕೇಳಿ, ಗೌರವದಿಂದ ಮಾತಾಡ್ಸಿ, "ಏನ್ ಅಣ್ಣ, ಈ ಡಬ್ಬ ಹೆಂಗಿದೆ, ಕೆಲಸಕ್ಕೆ ಆರಾಮಾ?" ಅಂತ ಕೇಳಿ. ಆದ್ರೆ ಅವನು ಹೇಳಿದ್ದನ್ನ ಸೇಠ್ ಮುಂದೆ "ನಿಮ್ಮ ಹುಡುಗನೇ ಹೇಳಿದ" ಅಂತ ಎತ್ತಬೇಡಿ, ಪಾಪ ಅವನಿಗೆ ಬೈಗುಳ ಬೀಳತ್ತೆ. ಆ ಮಾಹಿತಿ ನಿಮ್ಮ ಪ್ರಶ್ನೆ ಸರಿಯಾಗಿ ಕೇಳಕ್ಕೆ ಮಾತ್ರ.

ಮೊದಲ ವಾಕ್ಯ

ನಿಮ್ಮ ಹೆಸರು, ಏನು ಕೆಲಸ, ಎಲ್ಲಿಂದ, ಇವರ ಹತ್ರಾನೇ ಯಾಕೆ ಬಂದ್ರಿ, ಎಷ್ಟು ಹೊತ್ತು ಬೇಕು. ಇಷ್ಟು ಇಪ್ಪತ್ತು ಸೆಕೆಂಡಲ್ಲಿ ಮುಗೀಬೇಕು, ಆಮೇಲೆ ಒಂದು ಪ್ರಶ್ನೆ. ಇದ್ರಲ್ಲಿ "ಇವರ ಹತ್ರಾನೇ ಯಾಕೆ" ಅನ್ನೋದೇ ಜೀವ, ಅದನ್ನ ಬಿಟ್ರೆ ಬಾಕಿ ಎಲ್ಲ ಸೇಲ್ಸ್‌ನವ್ರ ಮಾತೇ ಆಗತ್ತೆ.

ನಮ್ಮವ್ರು ಅಂತ ಗೊತ್ತಿದ್ರೆ: "ನಮಸ್ಕಾರ ಶೆಟ್ರೇ, ನಾನು ಪಾರ್ಸೆಲ್ ಡಬ್ಬ ಸಪ್ಲೈ ಮಾಡ್ತೀನಿ, ಇಲ್ಲೇ ಭಾಂಡೂಪಲ್ಲಿ ನಮ್ಮ ಗೋಡೌನ್. ನಿನ್ನೆ ಸಂಜೆ ನಿಮ್ಮಲ್ಲಿಂದ ಇಡ್ಲಿ ಸಾಂಬಾರ್ ಪಾರ್ಸೆಲ್ ತಗೊಂಡು ಹೋದೆ, ಸಾಂಬಾರ್ ಬಹಳ ಚೆನ್ನಾಗಿತ್ತು, ಆದ್ರೆ ಮನೆ ಮುಟ್ಟೋ ಹೊತ್ತಿಗೆ ಬ್ಯಾಗ್ ತಳ ಒದ್ದೆ ಆಗಿತ್ತು. ಅದ್ರ ಬಗ್ಗೆ ಒಂದು ವಿಷಯ ಕೇಳ್ಬೇಕಿತ್ತು, ಎರಡು ನಿಮಿಷ ಆಗತ್ತಾ?"

ಮರಾಠಿಯವ್ರಾದ್ರೆ ಮರಾಠಿಯಲ್ಲೇ ಶುರು ಮಾಡಿ, ವ್ಯಾಕರಣ ತಪ್ಪಾದ್ರೂ ಪರವಾಗಿಲ್ಲ. "ನಮಸ್ಕಾರ ಕಾಕಾ, ತುಮಚಂ ಪಾರ್ಸಲ್ ಕಾಲ್ ಘರೀ ನೇಲಂ ಹೋತಂ. ಏಕ ವಿಚಾರಾಯ್ಚಂ ಹೋತಂ, ದೋನ್ ಮಿನಿಟಂ ಆಹೇತ್ ಕಾ?" ನಿನ್ನೆ ನಿಮ್ಮ ಪಾರ್ಸೆಲ್ ಮನೆಗೆ ತಗೊಂಡು ಹೋಗಿದ್ದೆ, ಒಂದು ಕೇಳ್ಬೇಕಿತ್ತು, ಎರಡು ನಿಮಿಷ ಇದೆಯಾ ಅಂತ ಅರ್ಥ. ಇಷ್ಟು ಬಾಯಿಪಾಠ ಮಾಡ್ಕೊಂಡ್ರೂ ಸಾಕು, ಮುಂದೆ ಹಿಂದಿಗೆ ಬಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಆದ್ರೆ ಪುಣೆಯಲ್ಲಿ ನೇರ ಹಿಂದಿಯಲ್ಲೇ ಶುರು ಮಾಡೋದಕ್ಕೂ ಇದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣತ್ತೆ. ಗುಜರಾತಿ ಮಾರ್ವಾಡಿ ಹೋಲ್‌ಸೇಲ್ ಅಂಗಡಿಗಳಲ್ಲಿ, ಮಸ್ಜಿದ್ ಬಂದರ್ ಕಡೆ, "ಸೇಠ್, ಏಕ್ ಚೀಜ್ ಪೂಛ್ನೀ ಥೀ, ದೋ ಮಿನಿಟ್ ಮಿಲೇಗಾ?" ಸಾಕು, ಅಲ್ಲಿ ಉದ್ದ ಪೀಠಿಕೆ ಯಾರಿಗೂ ಬೇಡ. ಹೆಂಗಸ್ರು ಅಂಗಡಿ ನಡೆಸ್ತಿದ್ರೆ ಮುಂಬೈ ಪುಣೆಯಲ್ಲಿ ತಾಈ, ನಮ್ಮವರಾದ್ರೆ ಅಕ್ಕ, ಅನುಮಾನ ಬಂದ್ರೆ ಮ್ಯಾಡಮ್. ಚಿಕ್ಕ ವಯಸ್ಸಿನವ್ರಿಗೆ ಆಂಟಿ ಅಂಕಲ್ ಅನ್ಬೇಡಿ.

ಹೇಳಬಾರದ ಎರಡು ಮಾತು. ಒಂದು, "ಬೆಸ್ಟ್ ಕ್ವಾಲಿಟಿ, ಮಾರ್ಕೆಟಲ್ಲೇ ಕಮ್ಮಿ ರೇಟ್". ರೇಟ್ ಮೊದ್ಲೇ ಬಾಯಿಗೆ ಬಂದ್ರೆ ಆಮೇಲಿನ ಪೂರ್ತಿ ಮಾತು ರೇಟಿನ ಸುತ್ತಲೇ ತಿರುಗತ್ತೆ, ಅವ್ರು ಇನ್ನೂ ಕಮ್ಮಿ ಕೇಳ್ತಾರೆ, ನೀವು ಮ್ಯಾನೇಜರಿಗೆ ಫೋನ್ ಮಾಡ್ತೀರಿ, ಅಲ್ಲಿಗೆ ಮುಗೀತು. ಇನ್ನೊಂದು, "ನಾನು ಮಾರಕ್ಕೆ ಬಂದಿಲ್ಲ, ಸುಮ್ನೆ ಸರ್ವೇ ಮಾಡ್ತಿದೀವಿ". ಕೆಲವು ಟ್ರೇನಿಂಗಲ್ಲಿ ಇದನ್ನ ಹೇಳ್ಕೊಡ್ತಾರೆ, ದಯವಿಟ್ಟು ಮಾಡ್ಬೇಡಿ. ಮಾರಕ್ಕೇ ಬಂದಿರೋದು ಅಂತ ಎದುರಿನವ್ರಿಗೂ ಗೊತ್ತು, ಮೊದಲ ವಾಕ್ಯವೇ ಸುಳ್ಳಾದ್ರೆ ಮುಂದೆ ನೀವು ಹೇಳೋ ಡೆಲಿವರಿ ಡೇಟ್ ಯಾರು ನಂಬ್ತಾರೆ.

ಪ್ರಶ್ನೆ ಕೇಳಿ, ಆಮೇಲೆ ಸುಮ್ನಿರಿ

ಪ್ರಶ್ನೆ ಹೌದು ಇಲ್ಲ ಅಂತ ಮುಗಿಯೋದಾಗಿರ್ಬಾರ್ದು. "ಡಬ್ಬ ಬೇಕಾ?" ಅಂದ್ರೆ "ಬೇಡ" ಅನ್ನೋದು ಎಲ್ಲಕ್ಕಿಂತ ಸುಲಭದ ಉತ್ತರ. "ಸಾಂಬಾರ್ ಪಾರ್ಸೆಲಿಗೆ ಈಗ ಯಾವ ಡಬ್ಬ ಹಾಕ್ತೀರಿ, ಎಷ್ಟು ಎಂಎಲ್ಲು?" "ಆನ್‌ಲೈನ್ ಆರ್ಡರಲ್ಲಿ ಚೆಲ್ಲಿದ ಕಂಪ್ಲೇಂಟ್ ಬಂದ್ರೆ ದುಡ್ಡು ಯಾರ ಕೈಯಿಂದ ಹೋಗತ್ತೆ?" "ಮಾಲು ಖಾಲಿ ಆದಾಗ ಎಷ್ಟು ಹೊತ್ತಲ್ಲಿ ತಂದು ಕೊಡ್ತಾರೆ?" ಇಂಥವು. ಕೇಳಿದ ಮೇಲೆ ನಿಜವಾಗ್ಲೂ ಸುಮ್ನಿರಿ. ಅವ್ರು ಯೋಚನೆ ಮಾಡ್ತಿರ್ತಾರೆ, ನಡುವೆ ಒಬ್ಬ ಗಿರಾಕಿಗೆ ಚಿಲ್ಲರೆ ಕೊಡ್ತಾರೆ, ವೇಟರ್‌ಗೆ ಕೂಗ್ತಾರೆ, ಆ ಗ್ಯಾಪ್‌ನ ತುಂಬಬೇಕು ಅಂತ ನೀವು ಮಾತಾಡಿದ್ರೆ ಅವರ ಬಾಯಿಗೆ ಬರ್ತಿದ್ದ ಮಾತು ಅಲ್ಲೇ ನಿಲ್ಲತ್ತೆ. ಇದು ಕೇಳಕ್ಕೆ ಸಣ್ಣದು, ಮಾಡಕ್ಕೆ ತುಂಬಾ ಕಷ್ಟ, ಅಭ್ಯಾಸ ಮಾಡಿ.

ಗಿರಾಕಿ ಬಂದ್ರೆ ತಕ್ಷಣ ಪಕ್ಕಕ್ಕೆ ಸರೀರಿ. ಗಲ್ಲಾ ಮುಂದಿನ ಜಾಗ ಅವರ ದುಡಿಮೆಯ ಜಾಗ, ಅಲ್ಲಿ ಬ್ಯಾಗ್ ಇಟ್ಕೊಂಡು ದಾರಿ ಕಟ್ಟಿ ನಿಂತ್ರೆ ನೀವು ಎಷ್ಟು ಒಳ್ಳೆ ಮಾಲು ತಂದಿದ್ರೂ ಅವ್ರಿಗೆ ನೀವು ಹೋದ್ರೆ ಸಾಕು ಅನ್ಸತ್ತೆ.

ಈಗಿನ ಸಪ್ಲೈಯರ್‌ನ ಬೈಬೇಡಿ. ಎಷ್ಟೋ ವರ್ಷದಿಂದ ಉದ್ರಿ ಕೊಟ್ಟಿರ್ತಾನೆ, ಲಾಕ್‌ಡೌನ್ ಟೈಮಲ್ಲಿ ದುಡ್ಡು ಕೇಳದೆ ಸುಮ್ನಿದ್ದಿರ್ತಾನೆ, ಆ ಋಣ ನಿಮಗೆ ಕಾಣಲ್ಲ. "ಅವ್ರ ಹತ್ರ ಯಾವುದು ಚೆನ್ನಾಗಿದೆ, ಯಾವುದು ಸ್ವಲ್ಪ ಇನ್ನೂ ಚೆನ್ನಾಗಿರ್ಬೇಕಿತ್ತು ಅನ್ಸತ್ತೆ?" ಅಂತ ಕೇಳಿ. ಎರಡನೇ ಭಾಗಕ್ಕೆ ಬರೋ ಉತ್ತರವೇ ನಿಮಗೆ ಬೇಕಿರೋದು.

ಕೈಗೆ ಕೊಟ್ಟು ತೋರ್ಸೋದು

ಸ್ಯಾಂಪಲ್ ತೋರ್ಸಕ್ಕೆ ಅವರೇ ಕೇಳೋ ತನಕ ಕಾಯಿರಿ. ಕೇಳಿದ ಮೇಲೆ ಕ್ಯಾಟಲಾಗ್ ಬಿಡಿಸ್ಬೇಡಿ, ಒಂದೇ ಒಂದು ಪೀಸ್ ತೆಗೀರಿ, ಅವ್ರು ಕಿರಿಕಿರಿ ಅಂತ ಹೇಳಿದ್ರಲ್ಲ ಅದಕ್ಕೆ ಸಂಬಂಧಪಟ್ಟಿದ್ದು.

ನಾನು ಮಾಡೋದು ಹೀಗೆ. "ಅಣ್ಣ, ಒಳಗಿಂದ ಒಂದು ಸೌಟು ಬಿಸಿ ಸಾಂಬಾರ್ ತರಿಸ್ತೀರಾ, ದುಡ್ಡು ಕೊಡ್ತೀನಿ" ಅಂತೀನಿ. ದುಡ್ಡು ಯಾರೂ ತಗೊಳ್ಳಲ್ಲ ಆದ್ರೆ ಕೇಳ್ಬೇಕು. ಕುದೀತಿರೋ ಸಾಂಬಾರ್ ಬಂದ್ಮೇಲೆ ಡಬ್ಬದ ಕಂಠದಿಂದ ಸ್ವಲ್ಪ ಕೆಳಗಿನ ತನಕ ಹಾಕ್ಸಿ, ಮುಚ್ಚಳ ಇಟ್ಟು ಹೆಬ್ಬೆರಳಲ್ಲಿ ಸುತ್ತ ಒತ್ಕೊಂಡು ಬರ್ತೀನಿ, ಪೂರ್ತಿ ಸುತ್ತು ಟಕ್ ಟಕ್ ಅಂತ ಕೂರಬೇಕು. ಬಿಸಿ ಪದಾರ್ಥ ಹಾಕಿ ಮುಚ್ಚಿದ್ರೆ ಒಳಗಿನ ಹಬೆ ಮುಚ್ಚಳನ ಮೇಲಕ್ಕೆ ತಳ್ಳತ್ತೆ, ತೆಳ್ಳಗಿರೋ ಮುಚ್ಚಳ ಒಂದು ಕಡೆ ಎದ್ದೇ ಎದ್ದೇಳತ್ತೆ, ಚೆಲ್ಲೋದು ಅಲ್ಲಿಂದಲೇ. ಆಮೇಲೆ ಒಂದು ಟಿಶ್ಯೂ ಪೇಪರ್ ಹಾಸಿ ಅದ್ರ ಮೇಲೆ ಡಬ್ಬನ ತಲೆಕೆಳಗಾಗಿ ಇಟ್ಟು ಬಿಟ್ಬಿಡ್ತೀನಿ. ಡಬ್ಬದ ಬಗ್ಗೆ ಒಂದು ಮಾತೂ ಆಡಲ್ಲ, ದಿನಕ್ಕೆ ಎಷ್ಟು ಪಾರ್ಸೆಲ್ ಹೋಗತ್ತೆ, ಚಟ್ನಿಗೆ ಏನು ಹಾಕ್ತೀರಿ ಅಂತ ಬೇರೆ ವಿಷಯ ಕೇಳ್ತಿರ್ತೀನಿ, ಅವರ ಕಣ್ಣು ಮಾತ್ರ ಆ ಟಿಶ್ಯೂ ಮೇಲೇ ಇರತ್ತೆ. ಒಂದು ಐದು ನಿಮಿಷ ಆದ್ಮೇಲೆ ಡಬ್ಬನ ಅವರೇ ಎತ್ತಲಿ, ನೀವು ಎತ್ತಬೇಡಿ. ಒಣಗಿರೋ ಟಿಶ್ಯೂನ ಅವರೇ ಕೈಯಲ್ಲಿ ಮುಟ್ಟಿ ನೋಡ್ತಾರೆ, ಪಾರ್ಸೆಲ್ ಹುಡುಗನ್ನ ಕರೆದು ತೋರಿಸ್ತಾರೆ.

ಇದನ್ನ ಮಾಡೋ ಮುಂಚೆ ಅದೇ ಲಾಟಿನ ಡಬ್ಬನ ಮನೇಲಿ ಕುದಿಯೋ ನೀರು ಹಾಕಿ ಟೆಸ್ಟ್ ಮಾಡ್ಲೇಬೇಕು, ಒಂದೊಂದು ಲಾಟಲ್ಲಿ ಮುಚ್ಚಳ ಸಡಿಲ ಬಂದಿರತ್ತೆ. ಬೇರೆ ಲೈನಲ್ಲಿ ಇರೋರು ನಿಮ್ಮದೇ ಒಂದು ಇಂಥದ್ದು ಹುಡ್ಕೊಳ್ಳಿ: ಮಸಾಲೆ ಮಾರೋರು ಅವರ ಮಸಾಲೆ ಪಕ್ಕ ನಿಮ್ಮದು ಒಂದು ಚಿಟಿಕೆ ಬಿಸಿ ಎಣ್ಣೆಗೆ ಹಾಕಿ, ಬಿಲ್ಲಿಂಗ್ ಮಷಿನ್‌ನವ್ರು ಅವರ ಮೆನುವಿನ ನಾಲ್ಕು ಐಟಂ ಮೊದ್ಲೇ ಹಾಕ್ಕೊಂಡು ಹೋಗಿ ಅವರ ಹೋಟೆಲ್ ಹೆಸರಿರೋ ಬಿಲ್ ಪ್ರಿಂಟ್ ಮಾಡಿ ಕೈಗೆ ಕೊಡಿ.

ಊರಿನ ಸಂಬಂಧ

ಕನ್ನಡ, ತುಳು ಕಿವಿಗೆ ಬಿದ್ದ ತಕ್ಷಣ ಮುಖ ಅರಳತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ತುಳುವಲ್ಲಿ "ಎಂಚ ಉಲ್ಲರ್?" (ಹೇಗಿದೀರಿ?) ಅಂತ ಕೇಳಿದ್ರೆ ಗಲ್ಲಾ ಹಿಂದಿನ ಶೆಟ್ರು ಪೂಜಾರ್ರು ಪೆನ್ನು ಕೆಳಗಿಡ್ತಾರೆ. ಪುಣೆಯಲ್ಲಿ ವಿಜಯಪುರ, ಕಲಬುರಗಿ ಕಡೆಯವ್ರು, ವಾಸ್ಕೋ ಮಡಗಾಂವಲ್ಲಿ ಗದಗ ಬಾಗಲಕೋಟೆ ಹಾವೇರಿ ಕಡೆಯವ್ರು ಸಿಕ್ಕಿದ್ರೆ "ಆರಾಮ ಇದೀರೇನ್ರೀ, ಯಾವೂರ್ರೀ ನಿಮ್ದು?" ಅಂತ ಶುರು ಮಾಡಿದ್ರೆ ಚಾ ಬಂದೇ ಬರತ್ತೆ. ಕುಡೀರಿ, ಬೇಡ ಅನ್ಬೇಡಿ, ಆ ಒಂದು ಚಾ ಮುಗಿಯೋಷ್ಟು ಹೊತ್ತು ಅವರು ತಾವಾಗೇ ಕೊಟ್ಟ ಟೈಮು.

ಆದ್ರೆ ಊರಿನ ಮಾತು ಎರಡು ನಿಮಿಷಕ್ಕಿಂತ ಜಾಸ್ತಿ ಎಳೀಬೇಡಿ, ಮತ್ತೆ ಅದನ್ನ ಒತ್ತಡ ಹಾಕಕ್ಕೆ ಬಳಸ್ಬೇಡಿ. "ನಮ್ಮವ್ರೇ ನಮಗೆ ಆರ್ಡರ್ ಕೊಡ್ದೆ ಇದ್ರೆ ಹೆಂಗೆ" ಅನ್ನೋ ಮಾತು ನನಗೆ ಸ್ವಲ್ಪವೂ ಸೇರಲ್ಲ. ಸಂಕೋಚಕ್ಕೆ ಬಿದ್ದು ಒಂದು ಕಾರ್ಟನ್ ತಗೋತಾರೆ, ಮುಂದೆ ನಿಮ್ಮನ್ನ ಕಂಡ್ರೆ ಒಳಗೆ ಹೋಗ್ತಾರೆ. ಜಾತಿ ವಿಚಾರಿಸೋದಂತೂ ಬೇಡವೇ ಬೇಡ. ಪರಿಚಯ ಬೆಳೆಸ್ಬೇಕು ಅಂದ್ರೆ ಮಾಟುಂಗಾದ ಮೈಸೂರ್ ಅಸೋಸಿಯೇಷನ್, ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋಗಿ, ಕುರ್ಚಿ ಜೋಡಿಸಿ, ಊಟ ಬಡಿಸಿ, ಅಲ್ಲಿ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಯಾರಾದ್ರೂ "ಏನ್ ಮಾಡ್ಕೊಂಡಿದೀರಿ" ಅಂತ ಕೇಳಿದಾಗ ಹೇಳಿದ್ರೆ ಸಾಕು.

ಬೇಡ ಅಂದ್ರೆ

"ಈಗ ಬೇಡ, ಇದೆ ನಮ್ಮ ಹತ್ರ" ಅನ್ನೋದು ಬಾಯಿಗೆ ಮೊದ್ಲು ಬರೋ ಮಾತು, ಅದನ್ನ ಪೂರ್ತಿ ಬೇಡ ಅಂತ ತಿಳೀಬೇಡಿ, ವಾದಾನೂ ಮಾಡ್ಬೇಡಿ. "ಸರಿ ಸರ್, ಇದೆ ಅಂದ್ರೆ ಒಳ್ಳೇದೇ. ಒಂದೇ ಒಂದು ಕೇಳ್ತೀನಿ, ಹಬ್ಬದ ರಶ್ಶಲ್ಲಿ ಮಾಲು ಕೊರತೆ ಏನಾದ್ರೂ ಬಿತ್ತಾ?" ಅಂತ ಒಂದು ಪ್ರಶ್ನೆ ಮಾತ್ರ. ಅದಕ್ಕೂ ಮುಖ ತಿರುಗಿಸಿದ್ರೆ ನಮಸ್ಕಾರ ಹೇಳಿ ಹೊರಡಿ. "ರೇಟ್ ಏನು, ಅದನ್ನ ಹೇಳು ಮೊದ್ಲು" ಅಂದ್ರೆ ಮುಚ್ಚಿಡ್ಬೇಡಿ, ಒಂದು ಸೈಜಿನ ರೇಟ್ ಸ್ಪಷ್ಟವಾಗಿ ಹೇಳಿ, ಜೊತೆಗೆ "ನಿಮಗೆ ಯಾವ ಸೈಜು ಎಷ್ಟು ಬೇಕು ಅಂತ ಗೊತ್ತಾದ್ರೆ ಸರಿಯಾದ ರೇಟ್ ಬರೆದು ತರ್ತೀನಿ" ಅನ್ನಿ. "ಉದ್ಯಾ ಯಾ", "ಕಲ್ ಆನಾ" ಅಂದ್ರೆ "ನಾಳೆ ಇದೇ ಟೈಮಿಗೆ ಬರ್ಲಾ, ನಾಲ್ಕು ಗಂಟೆಗೆ?" ಅಂತ ಗಂಟೆ ಹಿಡೀರಿ. ಸುಮ್ನೆ ಸಾಗ್ಹಾಕ್ತಿದ್ರೋ ನಿಜವಾಗ್ಲೂ ಬಿಜಿ ಇದ್ರೋ ಅಲ್ಲೇ ಗೊತ್ತಾಗತ್ತೆ.

ಫೋನ್, ವಾಟ್ಸಾಪ್

ಗುರುತಿಲ್ಲದ ನಂಬರ್ ಲಿಸ್ಟ್ ತಗೊಂಡು ಸ್ವಂತ ಸಿಮ್ಮಿಂದ ಸಾಲಾಗಿ ಕಾಲ್ ಮಾಡ್ಬೇಡಿ. ಫೋನ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಪ್ರಮೋಷನ್ ಕಾಲ್ ಹೋಗ್ಬೇಕಾಗಿರೋದು ರಿಜಿಸ್ಟರ್ ಆಗಿರೋರ, 140ರಿಂದ ಶುರುವಾಗೋ ನಂಬರಿಂದ. ಮಾಮೂಲಿ ಹತ್ತಂಕಿ ನಂಬರಿಂದ ಮಾಡಿದ್ರೆ ಎದುರಿನವ್ರು 1909ಕ್ಕೆ ದೂರು ಕೊಡಬಹುದು, ದೂರು ಜಾಸ್ತಿ ಆದ್ರೆ ನಿಮ್ಮ ಔಟ್‌ಗೋಯಿಂಗ್ ಬಂದ್ ಆಗತ್ತೆ, ಕೊನೆಗೆ ಕನೆಕ್ಷನ್ನೇ ಕಟ್. ಕಂಪನಿಯವ್ರು "ನಿನ್ನ ನಂಬರಿಂದಾನೇ ಮಾಡು" ಅಂದ್ರೂ ನಷ್ಟ ನಿಮ್ಮದೇ, ಆ ನಂಬರಲ್ಲಿ ನಿಮ್ಮ ಬ್ಯಾಂಕಿನ ಓಟಿಪಿ ಬರತ್ತೆ ನೆನಪಿರ್ಲಿ.

ಭೇಟಿ ಆದವ್ರಿಗೆ, ಅವರೇ ನಂಬರ್ ಕೊಟ್ಟ ಮೇಲೆ, ಅವತ್ತೇ ಸಂಜೆ ಒಂದು ಚಿಕ್ಕ ಮೆಸೇಜ್ ಹಾಕಿ. "ನಮಸ್ಕಾರ ಸರ್, ಇವತ್ತು ಮಧ್ಯಾಹ್ನ ಪಾರ್ಸೆಲ್ ಡಬ್ಬದ ವಿಷಯ ಮಾತಾಡಿದ್ವಿ. 250 ಎಂಎಲ್ ಮುಚ್ಚಳ ಸೀಳೋ ವಿಷಯ ಹೇಳಿದ್ರಿ. ಗುರುವಾರ ನಾಲ್ಕು ಗಂಟೆಗೆ ಆ ಸೈಜಿನ ಸ್ಯಾಂಪಲ್ ತಗೊಂಡು ಬರ್ತೀನಿ." ಅಷ್ಟೇ. ಕ್ಯಾಟಲಾಗ್ ಪಿಡಿಎಫ್ ಕೇಳಿದ್ರೆ ಮಾತ್ರ. ದಿನಾ ಗುಡ್ ಮಾರ್ನಿಂಗ್ ಫೋಟೋ ಕಳ್ಸಿದ್ರೆ ಬ್ಲಾಕ್ ಆಗ್ತೀರಿ. ಕೇಳದೆ ಬ್ರಾಡ್‌ಕಾಸ್ಟ್ ಲಿಸ್ಟಿಗೋ ಗ್ರೂಪಿಗೋ ಸೇರಿಸ್ಬೇಡಿ.

ಹೊರಗೆ ಬಂದ್ಮೇಲೆ

ಮುಂದಿನ ಅಂಗಡಿಗೆ ಹೋಗೋ ಮುಂಚೆ, ಅಲ್ಲೇ ಫುಟ್‌ಪಾತಲ್ಲಿ ನಿಂತು ಡೈರಿಯಲ್ಲಿ ಬರ್ಕೊಳ್ಳಿ, ಸಂಜೆ ಬರೀತೀನಿ ಅಂದ್ರೆ ಎಲ್ಲ ಹೋಟೆಲೂ ಒಂದಕ್ಕೊಂದು ಕಲಸಿ ಹೋಗತ್ತೆ. ಯಾರು ಮಾತಾಡಿದ್ರು, ನಿರ್ಧಾರ ಯಾರದ್ದು, ಈಗ ಏನು ಬಳಸ್ತಾರೆ, ತಿಂಗಳಿಗೆ ಅಂದಾಜು ಎಷ್ಟು, ಕಿರಿಕಿರಿ ಏನು (ಅವರದೇ ಮಾತಲ್ಲಿ), ಪೇಮೆಂಟ್ ಕ್ಯಾಶಾ ಉದ್ರಿನಾ, ಮುಂದಿನ ದಿನ ಯಾವುದು, ಪಾರ್ಸೆಲ್ ಕೌಂಟರ್ ಹುಡುಗನ ಹೆಸರು. ಅವ್ರು ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗಿ ನಿಲ್ಲಬೇಕು. ಮುಂಬೈ ಮಳೆಯಲ್ಲಿ ಲೋಕಲ್ ನಿಂತ್ರೆ ನಾಲ್ಕಕ್ಕೆ ಮುಂಚೆ ಒಂದು ಮೆಸೇಜ್ ಹಾಕಿ, ಯಾರೂ ತಪ್ಪು ತಿಳಿಯಲ್ಲ, ಮೆಸೇಜ್ ಇಲ್ದೆ ಮರುದಿನ ಹೋದ್ರೆ ತಿಳೀತಾರೆ. ಮೂರು ಸಲ ಹೋಗಿಯೂ ಮಾತು ಮುಂದೆ ಹೋಗ್ಲಿಲ್ಲ ಅಂದ್ರೆ ನನ್ನ ಲೆಕ್ಕದಲ್ಲಿ ಅದನ್ನ ಮುಂದಿನ ಸೀಸನ್ನಿಗೆ ಬಿಡೋದು ಒಳ್ಳೇದು, ಆ ಹೊತ್ತನ್ನ ಪಕ್ಕದ ಹೋಟೆಲ್‌ಗೆ ಕೊಡಿ.

ಎರಡನೇ ಸಲ ಹೋಗುವಾಗ ಪೂರ್ತಿ ಬ್ಯಾಗ್ ಹೊತ್ಕೊಂಡು ಹೋಗ್ಬೇಡಿ. ಅವ್ರು ಕಿರಿಕಿರಿ ಅಂತ ಹೇಳಿದ ಆ ಒಂದು ಸೈಜಿನ ಸ್ಯಾಂಪಲ್ ಒಂದು ಹತ್ತು ಪೀಸ್, ಕೌಂಟರಲ್ಲಿ ಒಂದು ಸಂಜೆ ಬಳಸಿ ನೋಡಕ್ಕೆ, ಮತ್ತೆ ಬರೆದಿರೋ ಕೊಟೇಷನ್ ಒಂದು ಹಾಳೆ. ರೇಟಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ವೋ, ಕಮ್ಮಿ ಅಂದ್ರೆ ಎಷ್ಟು ಕಾರ್ಟನ್ ತಗೋಬೇಕು, ಡೆಲಿವರಿ ಚಾರ್ಜ್ ಇದೆಯಾ, ಒಡೆದಿರೋ ಪೀಸ್ ವಾಪಸ್ ತಗೋತೀರಾ, ಎಲ್ಲ ಆ ಹಾಳೆ ಮೇಲೇ ಇರ್ಲಿ, ನಿಮ್ಮ ಸಹಿ ಸಮೇತ.